ಸೋಲ್ ಸಂಗೀತದ ಅಪೂರ್ವ ರೆಕಾರ್ಡುಗಳು: ಮರೆಯಾದ ಹೆಸರುಗಳ ಶೋಧ

ಓಲೆಗರಿಯ ಹಳೆಯ ಕಟ್ಟೊಂದನ್ನು ಬಿಚ್ಚಿದವನ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ, ಇದು ಯಾರ ಕೃತಿ ಎಂಬುದು. ಮೊದಲ ಗರಿ ಮುರಿದಿರಬಹುದು. ಕೊನೆಯ ಗರಿ ಗೆದ್ದಲಿಗೆ ಆಹಾರವಾಗಿರಬಹುದು. ಲಿಪಿಕಾರನು ತನ್ನ ಹೆಸರನ್ನು ಬರೆದು ಕೃತಿಕಾರನ ಹೆಸರನ್ನು ಬಿಟ್ಟಿರಬಹುದು. ವಚನಗಳ ವಿಷಯದಲ್ಲಿ ಅಂಕಿತವು ನಮಗೆ ದಾರಿ ತೋರುತ್ತದೆ. ಅಂಕಿತವೂ ಅಳಿಸಿಹೋದಲ್ಲಿ ಸಂಶೋಧಕನು ಪ್ರತಿಯಿಂದ ಪ್ರತಿಗೆ, ಮಠದಿಂದ ಮಠಕ್ಕೆ, ಮನೆಯಿಂದ ಮನೆಗೆ ಅಲೆಯಬೇಕಾಗುತ್ತದೆ.

ಇಂಥದೇ ಅಲೆದಾಟವನ್ನು ಇಂಗ್ಲೆಂಡ್ ಮತ್ತು ಅಮೆರಿಕ ದೇಶಗಳಲ್ಲಿ ಕೆಲವರು ಅರ್ಧ ಶತಮಾನಕ್ಕೂ ಮಿಕ್ಕಿ ನಡೆಸಿಕೊಂಡು ಬಂದಿದ್ದಾರೆ. ಅವರ ಕೈಯಲ್ಲಿರುವುದು ಓಲೆಗರಿಯಲ್ಲ. 7 ಅಂಗುಲ ಅಗಲದ, ನಿಮಿಷಕ್ಕೆ 45 ಸುತ್ತು ತಿರುಗುವ ಕಪ್ಪು ರೆಕಾರ್ಡು. ಅದರ ಎರಡು ಮುಖಗಳಲ್ಲಿ ಒಂದೊಂದು ಹಾಡು. ಆ ಹಾಡಿಗೆ ‘ಸೋಲ್’ ಎಂದು ಹೆಸರು. ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ಆತ್ಮ ಎಂದೇ ಅರ್ಥ. ಆತ್ಮದ ಹೆಸರು ಹೊತ್ತ ಸಂಗೀತವು ಹಣದ ಸಂತೆಗೆ ಬಂದು, ಹಾಡಿದವರ ಹೆಸರನ್ನೇ ಕಳೆದುಕೊಂಡು, ಮತ್ತೆ ಆ ಹೆಸರನ್ನು ಪಡೆದ ಕಥೆ ನಮ್ಮ ಓದುಗ ಬಂಧುಗಳಿಗೂ ವಿಚಾರಯೋಗ್ಯವೆಂದು ಭಾವಿಸಿ ಇಲ್ಲಿ ನಿವೇದಿಸುತ್ತಿದ್ದೇನೆ.

ಪ್ರಾರ್ಥನಾ ಮಂದಿರದಲ್ಲಿ ಹುಟ್ಟಿದ ದನಿ

ಅಮೆರಿಕದ ಕಪ್ಪು ಜನರು ಗುಲಾಮರಾಗಿ ತರಲ್ಪಟ್ಟವರ ಸಂತತಿ. 1865ರಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾಯಿತಾದರೂ ಶಾಲೆ, ಬಸ್ಸು, ಭೋಜನಾಲಯಗಳಲ್ಲಿ ಅವರನ್ನು ಬೇರೆಯಾಗಿಡುವ ಪದ್ಧತಿ ಮುಂದೆ ನೂರು ವರ್ಷ ನಡೆಯಿತು. ಯಾರ ಅಪ್ಪಣೆಯೂ ಇಲ್ಲದೆ ಅವರು ತಲೆಯೆತ್ತಿ ನಿಲ್ಲಬಹುದಾಗಿದ್ದ ಸ್ಥಳವೆಂದರೆ ಅವರದೇ ಚರ್ಚು. ಅಲ್ಲಿ ಉಪದೇಶಕನು ಒಂದು ನುಡಿ ಎತ್ತಿದರೆ ನೆರೆದ ಜನರು ದನಿಗೂಡಿಸಿ ಉತ್ತರಿಸುವರು. ನಮ್ಮ ಭಜನೆಯಲ್ಲಿ ಮುಮ್ಮೇಳ ಹಿಮ್ಮೇಳಗಳಿರುವಂತೆ ಅವರ ‘ಗಾಸ್ಪೆಲ್’ ಎಂಬ ಭಕ್ತಿಗಾಯನದಲ್ಲಿಯೂ ಇದೆ.

ಈ ಭಕ್ತಿಗಾಯನದ ರೀತಿಯನ್ನು ಲೌಕಿಕ ಹಾಡಿಗೆ ಅಳವಡಿಸಿದಾಗ ಸೋಲ್ ಸಂಗೀತ ಹುಟ್ಟಿತು. ಅಂಧ ಗಾಯಕ ರೇ ಚಾರ್ಲ್ಸ್ 1954ರಲ್ಲಿ ಒಂದು ಗಾಸ್ಪೆಲ್ ಗೀತೆಯ ಧಾಟಿಯ ಮೇಲೆ ಪ್ರೇಮಗೀತೆಯನ್ನು ಹಾಡಿ ಧ್ವನಿಮುದ್ರಿಸಿದರು. ಧರ್ಮೋಪದೇಶಕರೊಬ್ಬರ ಪುತ್ರರೂ ‘ಸೋಲ್ ಸ್ಟಿರರ್ಸ್’ ಎಂಬ ಪ್ರಸಿದ್ಧ ಗಾಸ್ಪೆಲ್ ಮೇಳದ ಮುಖ್ಯ ಗಾಯಕರೂ ಆಗಿದ್ದ ಸ್ಯಾಮ್ ಕುಕ್ 1957ರಲ್ಲಿ ಲೌಕಿಕ ಗಾಯನಕ್ಕೆ ಹೊರಳಿದರು. ದೇವರಿಗೆ ಮೀಸಲಾದ ದನಿ ಸಂತೆಗೆ ಹೋಯಿತೆಂದು ಭಕ್ತರಲ್ಲಿ ಅನೇಕರು ನೊಂದರು. ಡೆಟ್ರಾಯಿಟ್ ನಗರದ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿನ ಪ್ರಸಿದ್ಧ ಉಪದೇಶಕ ಸಿ. ಎಲ್. ಫ್ರಾಂಕ್ಲಿನ್ ಅವರ ಮಗಳು ಅರೀತಾ ಫ್ರಾಂಕ್ಲಿನ್ ತಂದೆಯ ಚರ್ಚಿನಲ್ಲಿಯೇ ಬಾಲ್ಯದಿಂದ ಹಾಡುತ್ತ ಬೆಳೆದು, ಮುಂದೆ ಸೋಲ್ ಸಂಗೀತದ ಸಾಮ್ರಾಜ್ಞಿ ಎನಿಸಿದರು. ಕೀರ್ತಿಯ ಶಿಖರದಲ್ಲಿದ್ದಾಗಲೇ 1972ರಲ್ಲಿ ಅವರು ಲಾಸ್ ಏಂಜಲೀಸಿನ ಒಂದು ಚರ್ಚಿನಲ್ಲಿ ನಿಂತು ಭಕ್ತಿಗೀತೆಗಳನ್ನೇ ಹಾಡಿ ಧ್ವನಿಮುದ್ರಿಸಿದರು. ಹೊಳೆ ಎಷ್ಟು ದೂರ ಹರಿದರೂ ಉಗಮವನ್ನು ಮರೆಯಲಿಲ್ಲ.

ಹೆಸರಿಲ್ಲದ ಕಾಯಕ

1959ರಲ್ಲಿ ಬೆರಿ ಗಾರ್ಡಿ ಎಂಬ ಡೆಟ್ರಾಯಿಟ್ ನಗರದ ಯುವಕನು ಮನೆಯವರ ಉಳಿತಾಯ ನಿಧಿಯಿಂದ 800 ಡಾಲರ್ ಸಾಲ ಪಡೆದು ರೆಕಾರ್ಡು ಕಂಪನಿಯೊಂದನ್ನು ಆರಂಭಿಸಿದನು. ಅದೇ ಮುಂದೆ ‘ಮೋಟೌನ್’ ಎಂದು ಲೋಕಪ್ರಸಿದ್ಧವಾಯಿತು. ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ರಸ್ತೆಯ ಒಂದು ಸಾಮಾನ್ಯ ಮನೆಯೇ ಅದರ ಧ್ವನಿಮುದ್ರಣಾಲಯ. ಅಲ್ಲಿ ಸಿದ್ಧವಾದ ಹಾಡುಗಳು ಕರಿಯರು ಬಿಳಿಯರೆನ್ನದೆ ಎಲ್ಲರ ಮನೆಗಳನ್ನೂ ಹೊಕ್ಕವು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಆ ಹಾಡುಗಳಿಗೆ ವಾದ್ಯ ನುಡಿಸಿದ ಕಲಾವಿದರ ಹೆಸರುಗಳು ಹೊದಿಕೆಯ ಮೇಲೆ ಇರುತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ಒಂದು ಪ್ರಸಿದ್ಧ ರೆಕಾರ್ಡಿನ ಮೇಲೆ ಅವರ ಹೆಸರುಗಳು ಅಚ್ಚಾದವು. ‘ಫಂಕ್ ಬ್ರದರ್ಸ್’ ಎಂಬ ಆ ವಾದಕರ ಕುರಿತ ಸಾಕ್ಷ್ಯಚಿತ್ರ ಬಂದದ್ದು 2002ರಲ್ಲಿ. ಅಷ್ಟರಲ್ಲಿ ಅವರಲ್ಲಿ ಹಲವರು ತೀರಿಹೋಗಿದ್ದರು.

ದೊಡ್ಡ ಕಂಪನಿಯ ಸ್ಥಿತಿಯೇ ಹೀಗಿದ್ದರೆ ಸಣ್ಣವುಗಳ ಪಾಡನ್ನು ಊಹಿಸಬಹುದು. ಡೆಟ್ರಾಯಿಟ್, ಶಿಕಾಗೊ, ಫಿಲಡೆಲ್ಫಿಯ, ಮೆಂಫಿಸ್ ಮುಂತಾದ ನಗರಗಳಲ್ಲಿ ನೂರಾರು ಸಣ್ಣ ಕಂಪನಿಗಳು ಹುಟ್ಟಿ, ಕೆಲವು ಹಾಡುಗಳನ್ನು ಹೊರತಂದು, ಸಾಲದಲ್ಲಿ ಮುಳುಗಿದವು. ಒಂದು ಹಾಡಿನ ಕೆಲವೇ ನೂರು ಪ್ರತಿಗಳು ಅಚ್ಚಾಗುತ್ತಿದ್ದವು. ಆಕಾಶವಾಣಿಯ ಉದ್ಘೋಷಕರಿಗೆ ಕೆಲವನ್ನು ಕೊಟ್ಟು, ಉಳಿದದ್ದನ್ನು ಅಂಗಡಿಗಳಿಗೆ ಹಂಚುತ್ತಿದ್ದರು. ಹಾಡು ಜನಪ್ರಿಯವಾಗದಿದ್ದರೆ ಅಲ್ಲಿಗೆ ಅದರ ಆಯುಷ್ಯ ಮುಗಿಯಿತು. ಹಾಡಿದವರು ಕಾರ್ಖಾನೆಯ ಕೆಲಸಕ್ಕೋ ಮನೆಗೆಲಸಕ್ಕೋ ಮರಳುತ್ತಿದ್ದರು.

ಮುಚ್ಚಿಟ್ಟ ಲೇಬಲ್ಲು

ಅಮೆರಿಕವು ಮರೆತದ್ದನ್ನು ಇಂಗ್ಲೆಂಡಿನ ಉತ್ತರ ಭಾಗದ ಕಾರ್ಮಿಕರ ಮಕ್ಕಳು ಎತ್ತಿಕೊಂಡರು. ಮ್ಯಾಂಚೆಸ್ಟರಿನ ‘ಟ್ವಿಸ್ಟೆಡ್ ವೀಲ್’, ವಿಗನ್ ಪಟ್ಟಣದ ‘ವಿಗನ್ ಕ್ಯಾಸಿನೊ’ ಮುಂತಾದ ಸಭಾಂಗಣಗಳಲ್ಲಿ ಗಿರಣಿ ಗಣಿಗಳ ಯುವಕರು ವಾರದ ದುಡಿಮೆ ಮುಗಿಸಿ ಬಂದು ಶನಿವಾರದ ರಾತ್ರಿಯಿಡೀ ಈ ಹಾಡುಗಳಿಗೆ ಕುಣಿಯುತ್ತಿದ್ದರು. ವಿಗನ್ ಕ್ಯಾಸಿನೊ 1973ರಿಂದ 1981ರವರೆಗೆ ನಡೆಯಿತು. ಅಲ್ಲಿ ಮದ್ಯ ಮಾರುತ್ತಿರಲಿಲ್ಲ. ಆದರೆ ರಾತ್ರಿಯೆಲ್ಲ ಎಚ್ಚರವಿರಲು ಉತ್ತೇಜಕ ಗುಳಿಗೆ ನುಂಗುವ ಚಟ ಕೆಲವರಲ್ಲಿತ್ತೆಂಬುದನ್ನೂ ಮರೆಮಾಚಬೇಕಿಲ್ಲ. ಲಂಡನ್ನಿನಲ್ಲಿ ಸೋಲ್ ರೆಕಾರ್ಡುಗಳ ಅಂಗಡಿ ಇಟ್ಟಿದ್ದ ಡೇವ್ ಗಾಡಿನ್ ಎಂಬ ಬರಹಗಾರರು ಈ ಅಭಿರುಚಿಗೆ ‘ನಾರ್ದರ್ನ್ ಸೋಲ್’ ಎಂದು ಹೆಸರಿಟ್ಟರು. ಉತ್ತರದವರ ಸೋಲ್ ಎಂದರ್ಥ.

ಈ ಜನರಿಗೆ ಎಲ್ಲರೂ ಕೇಳಿದ ಹಾಡು ಬೇಡ. ಯಾರೂ ಕೇಳದ ಹಾಡೇ ಬೇಕು. ಆದಕಾರಣ ರೆಕಾರ್ಡು ನುಡಿಸುವವರಲ್ಲಿ ಪೈಪೋಟಿ ಬೆಳೆಯಿತು. ಅಪೂರ್ವವಾದ ಪ್ರತಿಯೊಂದು ದೊರೆತಾಗ ಅವರು ನಡುವಿನ ಲೇಬಲ್ಲಿನ ಮೇಲೆ ಬಿಳಿಯ ಕಾಗದವನ್ನು ಅಂಟಿಸಿ, ಗಾಯಕನಿಗೂ ಹಾಡಿಗೂ ಕಲ್ಪಿತ ಹೆಸರುಗಳನ್ನಿಟ್ಟು ಪ್ರಕಟಿಸುತ್ತಿದ್ದರು. ಇತರರು ಆ ರೆಕಾರ್ಡನ್ನು ಹುಡುಕಿ ತರಬಾರದೆಂಬುದೇ ಉದ್ದೇಶ. ಇದಕ್ಕೆ ಅವರ ಪರಿಭಾಷೆಯಲ್ಲಿ ‘ಕವರ್ ಅಪ್’ ಎನ್ನುತ್ತಾರೆ. ಗ್ರಂಥಸಂಪಾದನೆಯಲ್ಲಿ ಪಳಗಿದವರಿಗೆ ಇದರ ದೋಷವನ್ನು ವಿವರಿಸಬೇಕಾಗಿಲ್ಲ. ಒಬ್ಬರ ವಚನದ ಅಂಕಿತವನ್ನು ಅಳಿಸಿ ಮತ್ತೊಂದನ್ನು ಸೇರಿಸುವುದಕ್ಕೂ ಇದಕ್ಕೂ ಏನು ಭೇದ? ಒಂದು ಸಲ ಕಾರ್ಖಾನೆಯ ಮಾಲಿಕನಿಂದ ಹೆಸರು ಕಳೆದುಕೊಂಡ ಕಲಾವಿದನು, ತನ್ನ ಹಾಡನ್ನು ಪ್ರೀತಿಸುವವನಿಂದಲೇ ಎರಡನೆಯ ಸಲ ಹೆಸರನ್ನು ಕಳೆದುಕೊಂಡನು.

ಎರಡು ಪ್ರತಿಗಳ ಕಥೆ

ಇದಕ್ಕೆ ಉತ್ತಮ ನಿದರ್ಶನ ಫ್ರಾಂಕ್ ವಿಲ್ಸನ್ ಅವರದು. ಮೋಟೌನ್ ಕಂಪನಿಯ ಲಾಸ್ ಏಂಜಲೀಸ್ ಶಾಖೆಯಲ್ಲಿ ಗೀತರಚನೆಕಾರರಾಗಿದ್ದ ಅವರು 1965ರಲ್ಲಿ ‘ಡು ಐ ಲವ್ ಯೂ’ ಎಂಬ ಹಾಡನ್ನು ತಾವೇ ಹಾಡಿದರು. ಕೆಲವು ಮಾದರಿ ಪ್ರತಿಗಳು ಅಚ್ಚಾದವು. ಗಾಯಕನಾಗುವೆಯೋ, ಹಾಡು ರೂಪಿಸುವ ನಿರ್ಮಾಪಕನಾಗಿ ಉಳಿಯುವೆಯೋ ಎಂಬ ಪ್ರಶ್ನೆ ಅವರ ಮುಂದೆ ಬಂದಾಗ ಅವರು ಎರಡನೆಯದನ್ನು ಆರಿಸಿಕೊಂಡರು. ಹಾಡು ಬಿಡುಗಡೆಯಾಗಲಿಲ್ಲ, ಅಚ್ಚಾದ ಪ್ರತಿಗಳು ನಾಶವಾದವು.

ಹತ್ತು ವರ್ಷಗಳು ಕಳೆದ ಮೇಲೆ ಉಳಿದುಕೊಂಡಿದ್ದ ಒಂದು ಪ್ರತಿ ಹೇಗೋ ಹೊರಬಂದು, ಅದರ ನಕಲು ಇಂಗ್ಲೆಂಡನ್ನು ತಲುಪಿತು. ವಿಗನ್ ಕ್ಯಾಸಿನೊದಲ್ಲಿ ಅದನ್ನು ‘ಎಡ್ಡಿ ಫಾಸ್ಟರ್’ ಎಂಬ ಹುಸಿ ಹೆಸರಿನಲ್ಲಿ ನುಡಿಸಿದರು. ಸಾವಿರಾರು ಜನರು ಕುಣಿದರು. ಹಾಡಿದವರ ಹೆಸರು ಯಾರಿಗೂ ತಿಳಿಯದು. ನಿಜಸ್ಥಿತಿ ಬಯಲಾಗಿ, 1979ರಲ್ಲಿ ಮೋಟೌನ್ ಸಂಸ್ಥೆಯು ಬ್ರಿಟನ್ನಿನಲ್ಲಿ ಅದನ್ನು ವಿಲ್ಸನ್ ಅವರ ಹೆಸರಿನಲ್ಲಿಯೇ ಹೊರತಂದಿತು. ಆದರೂ 1965ರ ಮೂಲ ಪ್ರತಿಗಾಗಿ ಸಂಗ್ರಾಹಕರ ಆಸೆ ತಣಿಯಲಿಲ್ಲ. ಅಂಥವು ಜಗತ್ತಿನಲ್ಲಿ ಎರಡೇ ಉಳಿದಿವೆಯೆಂದು ಬಹುಕಾಲ ನಂಬಲಾಗಿತ್ತು. 2009ರಲ್ಲಿ ಒಂದು ಪ್ರತಿ 25,742 ಪೌಂಡುಗಳಿಗೆ ಮಾರಾಟವಾಯಿತು. 2020ರಲ್ಲಿ ಒಂದು ಪ್ರತಿಗೆ ಒಂದು ಲಕ್ಷ ಪೌಂಡು ಬೆಲೆ ಬಂದಿತು.

ಇತ್ತ ವಿಲ್ಸನ್ ಅವರು 1970ರ ದಶಕದಲ್ಲಿ ಮೋಟೌನ್ ಕಂಪನಿಯನ್ನು ತೊರೆದು, ಧರ್ಮಜೀವನಕ್ಕೆ ತಿರುಗಿ, ಪತ್ನಿಯೊಡನೆ ಉಪದೇಶಕರಾಗಿ ಬಾಳಿದರು. 2012ರಲ್ಲಿ ದಿವಂಗತರಾದರು. ಯಾವ ತಟ್ಟೆಗಾಗಿ ಜಗತ್ತು ಲಕ್ಷ ಪೌಂಡು ಸುರಿಯಿತೋ ಅದನ್ನು ಹಾಡಿದವರು ಆ ಗಾಯನದ ಕೀರ್ತಿಯನ್ನು ಬಯಸದೆ ಮೊದಲೇ ದಾಟಿ ಹೋಗಿದ್ದರು. ಹಳೆಯ ರೆಕಾರ್ಡು ಕೈಯಿಂದ ಕೈಗೆ ಮಾರಾಟವಾದಾಗ ಹಾಡಿದವರಿಗೆ ಒಂದು ಕಾಸೂ ಸಲ್ಲುವುದಿಲ್ಲವೆಂಬುದನ್ನು ಇಲ್ಲಿ ನೆನಪಿಡಬೇಕು.

ಶೋಧನೆಯ ಕ್ರಮ

ಹಾಗಾದರೆ ಸಂಗ್ರಹವೆಂಬುದು ಬರಿಯ ಆಸೆಬುರುಕತನವೇ? ಅಲ್ಲ. ಬೆಲೆ ಕೂಗುವವರ ಪಕ್ಕದಲ್ಲಿಯೇ ತಾಳ್ಮೆಯಿಂದ ಕೆಲಸ ಮಾಡುವ ಮತ್ತೊಂದು ವರ್ಗವಿದೆ. ಇವರ ಪ್ರಶ್ನೆ ಇದಕ್ಕೆ ಎಷ್ಟು ಬೆಲೆ ಎಂಬುದಲ್ಲ, ಇದು ಯಾರದು ಎಂಬುದು. ಇವರ ವಿಧಾನವು ಹಸ್ತಪ್ರತಿಶಾಸ್ತ್ರಕ್ಕೆ ಅತಿ ಸಮೀಪವಾದದ್ದು.

ಮೊದಲನೆಯದು ಬಾಹ್ಯ ಪರೀಕ್ಷೆ. ರೆಕಾರ್ಡಿನಲ್ಲಿ ಹಾಡಿನ ಗೆರೆಗಳು ಮುಗಿದ ಮೇಲೆ, ಲೇಬಲ್ಲಿನ ಸುತ್ತ ನುಣುಪಾದ ಒಂದು ಬಳೆಯಂಥ ಭಾಗವಿರುತ್ತದೆ. ಅಲ್ಲಿ ಸೂಜಿಯಿಂದ ಗೀಚಿದ ಅಥವಾ ಮುದ್ರೆಯೊತ್ತಿದ ಅಂಕೆಗಳಿರುತ್ತವೆ. ಇದೇ ರೆಕಾರ್ಡಿನ ಅಂಕಿತ. ಲೇಬಲ್ಲಿನ ಮೇಲೆ ಕಾಗದ ಅಂಟಿಸಬಹುದು, ಈ ಅಂಕೆಗಳನ್ನು ಮರೆಮಾಚುವುದು ಸುಲಭವಲ್ಲ. ಲಾಸ್ ಏಂಜಲೀಸಿನ ಮೊನಾರ್ಕ್ ಎಂಬ ಕಾರ್ಖಾನೆಯಲ್ಲಿ ಅಚ್ಚಾದವುಗಳಲ್ಲಿ ಸಣ್ಣ ತ್ರಿಕೋನವೂ ಅದರ ಮುಂದೆ ಒಂದು ಸಂಖ್ಯೆಯೂ ಇರುತ್ತವೆ. ಆ ಸಂಖ್ಯೆಗಳು ಕ್ರಮವಾಗಿ ಏರುತ್ತ ಹೋಗುವುದರಿಂದ ರೆಕಾರ್ಡು ಯಾವ ಕಾಲದ್ದೆಂದು ನಿರ್ಧರಿಸಬಹುದು. 1970ರ ದಶಕದಲ್ಲಿ ಬಂದ ಕಳ್ಳ ಪ್ರತಿಗಳನ್ನು ಮೂಲದಿಂದ ಬೇರ್ಪಡಿಸುವುದೂ ಈ ಗೀಚುಗಳ ಬರವಣಿಗೆಯಿಂದಲೇ. ಶುದ್ಧ ಪಾಠವನ್ನು ಪ್ರಕ್ಷಿಪ್ತದಿಂದ ಬಿಡಿಸುವ ಕೆಲಸ ಇದು.

ಎರಡನೆಯದು ದಾಖಲೆಗಳ ಪರಿಶೀಲನೆ. ಲೇಬಲ್ಲಿನಲ್ಲಿ ಗಾಯಕನ ಹೆಸರಿನ ಕೆಳಗೆ ಗೀತರಚನೆಕಾರನ ಹೆಸರೂ ಪ್ರಕಾಶನ ಸಂಸ್ಥೆಯ ಹೆಸರೂ ಇರುತ್ತವೆ. ಅಮೆರಿಕದ ಗ್ರಂಥಸ್ವಾಮ್ಯ ಕಚೇರಿಯು ವರ್ಷ ವರ್ಷ ಪ್ರಕಟಿಸಿದ ನೋಂದಣಿ ಸೂಚಿಗಳಲ್ಲಿ ಗೀತೆಯ ಹೆಸರು, ರಚಿಸಿದವರು, ತಾರೀಖು ದೊರೆಯುತ್ತವೆ. ಹಳೆಯ ವ್ಯಾಪಾರ ಪತ್ರಿಕೆಗಳು, ದೂರವಾಣಿ ಪುಸ್ತಕಗಳು, ಕಾರ್ಮಿಕ ಸಂಘದ ಒಪ್ಪಂದ ಪತ್ರಗಳು ಉಳಿದ ಎಳೆಗಳನ್ನು ಕೊಡುತ್ತವೆ.

ಮೂರನೆಯದೂ ಕಠಿಣತಮವಾದದ್ದೂ ಮನುಷ್ಯರನ್ನು ಕಾಣುವುದು. ಅಪರಿಚಿತ ವೃದ್ಧರೊಬ್ಬರಿಗೆ ದೂರವಾಣಿ ಮಾಡಿ, 40 ವರ್ಷಗಳ ಹಿಂದೆ ಈ ಹಾಡನ್ನು ಹಾಡಿದವರು ತಾವೇ ಎಂದು ಕೇಳಬೇಕು. ಆ ಕ್ಷಣದಲ್ಲಿ ಸಂಶೋಧಕನ ಕೈಯಲ್ಲಿರುವುದು ಒಂದು ವಸ್ತುವಲ್ಲ, ಒಂದು ಜೀವಮಾನ.

ಸಲ್ಲಬೇಕಾದವರಿಗೆ ಸಲ್ಲಿಸುವುದು

ಹೆಸರು ತಿಳಿದ ಮಾತ್ರಕ್ಕೆ ನ್ಯಾಯ ದೊರೆಯುವುದಿಲ್ಲ. ಉಪದೇಶಕರ ಮಗಳಾದ ಗ್ಲೋರಿಯಾ ಜೋನ್ಸ್ 1965ರಲ್ಲಿ ಹಾಡಿದ ‘ಟೇಂಟೆಡ್ ಲವ್’ ಎಂಬ ಹಾಡು ಯಾರ ಗಮನಕ್ಕೂ ಬಾರದೆ ಹೋಯಿತು. ಅದು ರೆಕಾರ್ಡಿನ ಹಿಂಬದಿಯ ಹಾಡು. ರಿಚರ್ಡ್ ಸರ್ಲಿಂಗ್ ಎಂಬ ಇಂಗ್ಲೆಂಡಿನ ಸಂಗ್ರಾಹಕರು 1973ರಲ್ಲಿ ಫಿಲಡೆಲ್ಫಿಯದಲ್ಲಿ ಅದರ ಪ್ರತಿಯನ್ನು ಪತ್ತೆಮಾಡಿ ತಂದು ನುಡಿಸಿದರು. 1981ರಲ್ಲಿ ‘ಸಾಫ್ಟ್ ಸೆಲ್’ ಎಂಬ ಇಂಗ್ಲಿಷ್ ಮೇಳವು ಅದನ್ನು ಮತ್ತೆ ಹಾಡಿದಾಗ ಬ್ರಿಟನ್ನಿನಲ್ಲಿ ಅಗ್ರಸ್ಥಾನ ಪಡೆಯಿತು. ಇಂಥಲ್ಲಿ ಗೌರವಧನ ಸಲ್ಲುವುದು ಗೀತೆಯನ್ನು ಬರೆದವರಿಗೆ. ಮೊದಲು ಹಾಡಿದವರಿಗೆ ಹೊಸ ಗಾಯನದಲ್ಲಿ ಪಾಲಿಲ್ಲ. ಮೇಲಾಗಿ 1972ಕ್ಕೆ ಮೊದಲಿನ ಧ್ವನಿಮುದ್ರಣಗಳಿಗೆ ಅಮೆರಿಕದ ಕೇಂದ್ರ ಕಾನೂನಿನ ರಕ್ಷಣೆಯೇ ಇರಲಿಲ್ಲ. 2018ರ ಕಾಯಿದೆಯಿಂದ ಆ ಕೊರತೆ ಬಹುಮಟ್ಟಿಗೆ ನೀಗಿತು.

ಈ ಹಿನ್ನೆಲೆಯಲ್ಲಿ ಕ್ರಮಬದ್ಧವಾಗಿ ಅನುಮತಿ ಪಡೆದು ಹಳೆಯ ಹಾಡುಗಳನ್ನು ಪುನಃ ಪ್ರಕಟಿಸುವ ಸಂಸ್ಥೆಗಳ ಕಾರ್ಯ ಶ್ಲಾಘನೀಯ. ಲಂಡನ್ನಿನ ‘ಏಸ್’ ಸಂಸ್ಥೆಯು 1982ರಿಂದ ‘ಕೆಂಟ್’ ಎಂಬ ಹೆಸರಿನಲ್ಲಿ ಸೋಲ್ ಹಾಡುಗಳ ಸಂಪುಟಗಳನ್ನು ಹೊರತರುತ್ತಿದೆ. ಮುಚ್ಚಿಹೋದ ಕಂಪನಿಗಳ ಟೇಪುಗಳನ್ನು ಹುಡುಕಿ ತೆಗೆದು, ಗಾಯಕರ ಪರಿಚಯವನ್ನು ವಿಸ್ತಾರವಾಗಿ ಬರೆದು ಕೊಡುವುದು ಅದರ ರೂಢಿ. 2003ರಲ್ಲಿ ಶಿಕಾಗೊದಲ್ಲಿ ಆರಂಭವಾದ ‘ನ್ಯೂಮರೊ ಗ್ರೂಪ್’ ತನ್ನ ಮೊದಲ ಪ್ರಕಟಣೆಗೆ ಆರಿಸಿಕೊಂಡದ್ದು ಓಹಾಯೊ ರಾಜ್ಯದ ಕೊಲಂಬಸ್ ನಗರದ ‘ಕ್ಯಾಪ್‌ಸೋಲ್’ ಎಂಬ ಪುಟ್ಟ ಕಂಪನಿಯ ಹಾಡುಗಳನ್ನು. ಲಕ್ಷ ಪೌಂಡಿನ ಮೂಲ ಪ್ರತಿ ಒಬ್ಬನ ಕಪಾಟಿನಲ್ಲಿರುತ್ತದೆ. ಪುನಃ ಪ್ರಕಟವಾದ ಹಾಡು ಸಾವಿರಾರು ಮನೆಗಳನ್ನು ಸೇರುತ್ತದೆ, ಅದರ ಒಂದಂಶ ಹಾಡಿದವರ ಕೈಗೂ ಬರುತ್ತದೆ. ಕೂಡಿಡುವುದಕ್ಕೂ ದಾಸೋಹಕ್ಕೂ ಇರುವ ಅಂತರ ಇದೇ ಅಲ್ಲವೆ?

ಒಬ್ಬ ಅಧ್ಯಾಪಕರ ಕರೆ

ಸೋಲ್ ಸಂಗೀತದ ಮಾತೃಮೂಲವಾದ ಗಾಸ್ಪೆಲ್ ರೆಕಾರ್ಡುಗಳ ಗತಿ ಇನ್ನೂ ಶೋಚನೀಯವಾಗಿತ್ತು. ಟೆಕ್ಸಾಸ್ ರಾಜ್ಯದ ಬೇಯ್ಲರ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಪ್ರಾಧ್ಯಾಪಕರಾಗಿದ್ದ ರಾಬರ್ಟ್ ಡಾರ್ಡನ್, 1945ರಿಂದ 1975ರವರೆಗಿನ ಸುವರ್ಣಯುಗದ ಭಕ್ತಿಗೀತೆಗಳಲ್ಲಿ ಬಹುಪಾಲು ಕಣ್ಮರೆಯಾಗುತ್ತಿವೆಯೆಂದು 2005ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಮನಮುಟ್ಟುವಂತೆ ಬರೆದರು. ಅದನ್ನೋದಿದ ಹಣಕಾಸು ವ್ಯವಹಾರಸ್ಥರೊಬ್ಬರು ಧನಸಹಾಯ ನೀಡಲು ಮುಂದೆ ಬಂದರು. ಹೀಗೆ ಆರಂಭವಾದ ಯೋಜನೆಯಲ್ಲಿ ರೆಕಾರ್ಡುಗಳನ್ನು ದಾನವಾಗಿಯೂ ಎರವಲಾಗಿಯೂ ಪಡೆದು, ಶುಚಿಗೊಳಿಸಿ, ಗಣಕಯಂತ್ರಕ್ಕೆ ಅಳವಡಿಸಿ, ವಿವರಗಳನ್ನು ದಾಖಲಿಸುತ್ತಾರೆ.

ಕೆಲಸ ಮುಂದುವರಿದಂತೆ ಡಾರ್ಡನ್ ಅವರಿಗೆ ಅನಿರೀಕ್ಷಿತವಾದ ಸಂಗತಿಯೊಂದು ಕಂಡಿತು. ರೆಕಾರ್ಡುಗಳ ಹಿಂಬದಿಯ ಹಾಡುಗಳಲ್ಲಿ ಅನೇಕವು ಕರಿಯರ ಸಮಾನ ಹಕ್ಕಿನ ಹೋರಾಟವನ್ನು ಕುರಿತವಾಗಿದ್ದವು. ಮುಂದಿನ ಮುಖದಲ್ಲಿ ದೇವರ ಸ್ತುತಿ, ಹಿಂದಿನ ಮುಖದಲ್ಲಿ ಮನುಷ್ಯನ ಘನತೆಯ ಮಾತು! ಹಿಂಬದಿಯ ಹಾಡನ್ನು ಯಾರೂ ಪಟ್ಟಿಮಾಡಿರಲಿಲ್ಲ. ರೆಕಾರ್ಡನ್ನು ಮಗುಚಿ ನೋಡದೆ ಹೋಗಿದ್ದರೆ ಇತಿಹಾಸದ ಒಂದು ಅಧ್ಯಾಯವೇ ಅಳಿಸಿಹೋಗುತ್ತಿತ್ತು.

ದೊಡ್ಡ ಸಂಸ್ಥೆಗಳು ಎಲ್ಲವನ್ನೂ ಕಾಪಾಡುತ್ತವೆಯೆಂದು ನಿಶ್ಚಿಂತರಾಗಿರುವುದೂ ತಪ್ಪು. 2008ರ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೊದಲ್ಲಿ ಬೆಂಕಿ ಬಿದ್ದು, ಅಲ್ಲಿ ಇಟ್ಟಿದ್ದ ಧ್ವನಿಮುದ್ರಣಗಳ ಮೂಲ ಟೇಪುಗಳು ಸುಟ್ಟವು. ನಷ್ಟ ಎಷ್ಟೆಂಬುದು 2019ರವರೆಗೂ ಹೊರಜಗತ್ತಿನ ಗಮನಕ್ಕೆ ಸರಿಯಾಗಿ ಬಂದಿರಲಿಲ್ಲ. ಅದರ ಪ್ರಮಾಣದ ಬಗ್ಗೆ ವಾದವಿವಾದಗಳೂ ನಡೆದವು. ಮೂಲವು ಬೆಂದುಹೋದಾಗ ಸಾಮಾನ್ಯನ ಮನೆಯ ಹಳೆಯ ರೆಕಾರ್ಡೇ ಉಳಿದ ಏಕೈಕ ಸಾಕ್ಷಿಯಾಗಬಹುದು.

ನಮ್ಮ ಮನೆಯ ಅಟ್ಟದ ಮಾತು

ಈ ಮಾತನ್ನು ನಮಗಿಂತ ಚೆನ್ನಾಗಿ ಬಲ್ಲವರಾರು? ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಮನೆಮನೆಗಳ ಜಗುಲಿಯಲ್ಲಿ ಪೂಜೆಗೊಳ್ಳುತ್ತಿದ್ದ, ಆದರೆ ಓದುವವರಿಲ್ಲದ ಓಲೆಗರಿಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು. ಅವರು ಆ ಗರಿಗಳನ್ನು ತಮ್ಮ ಪೆಟ್ಟಿಗೆಯಲ್ಲಿಯೇ ಇಟ್ಟುಕೊಂಡಿದ್ದರೆ ಒಬ್ಬ ಸಂಗ್ರಾಹಕರೆನಿಸುತ್ತಿದ್ದರು. ಮುದ್ರಿಸಿ ಹಂಚಿದ್ದರಿಂದ ವಚನ ಪಿತಾಮಹರೆನಿಸಿದರು.

ಧ್ವನಿಮುದ್ರಿಕೆಗಳ ವಿಷಯದಲ್ಲಿಯೂ ನಮ್ಮ ನಾಡಿನ ಕಥೆ ತೀರ ಭಿನ್ನವಲ್ಲ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಆರಂಭದ ಕೆಲವು ರೆಕಾರ್ಡುಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು. ಅವರು ಮುಂದೆ ಜಗತ್ಪ್ರಸಿದ್ಧರಾದುದರಿಂದ ಆ ಗಾಂಧಾರಿ ಯಾರೆಂದು ನಮಗೆ ತಿಳಿದಿದೆ. ಪ್ರಸಿದ್ಧರಾಗದ ಗಾಯಕ ಗಾಯಕಿಯರ ಗತಿಯೇನು? ನಾಟಕ ಕಂಪನಿಗಳ ಹಾಡು, ವಚನ ಗಾಯನ, ತತ್ತ್ವಪದಗಳ ತಟ್ಟೆಗಳು ಇಂದಿಗೂ ಕೆಲವು ಮನೆಗಳ ಅಟ್ಟದ ಮೇಲೆ ಇದ್ದಾವು. ಅಂಥವಿದ್ದರೆ ಗುಜರಿಗೆ ಹಾಕುವ ಮುನ್ನ ಒಂದು ಗಳಿಗೆ ನಿಲ್ಲಬೇಕು. ಒಂದರ ಮೇಲೊಂದು ಪೇರಿಸದೆ ಪುಸ್ತಕಗಳಂತೆ ನಿಲ್ಲಿಸಿಡಬೇಕು. ಬಿಸಿಲು ತಾಗದಂತೆ ನೋಡಿಕೊಳ್ಳಬೇಕು. 78 ಸುತ್ತಿನ ಹಳೆಯ ತಟ್ಟೆಗಳು ಅರಗಿನವು. ಅವನ್ನು ಸ್ಪಿರಿಟ್ಟಿನಿಂದ ಒರೆಸಿದರೆ ಮೇಲ್ಮೈ ಕರಗಿ ದನಿ ಹಾಳಾಗುತ್ತದೆ. ಲೇಬಲ್ಲಿನ ಮೇಲಿರುವ ಹೆಸರು, ಸಂಖ್ಯೆಗಳನ್ನು ಎರಡೂ ಮುಖಗಳಿಂದ ಬರೆದಿಡಬೇಕು. ಎಲ್ಲಕ್ಕೂ ಮಿಗಿಲಾಗಿ, ಇದನ್ನು ಯಾರು ಕೊಂಡು ತಂದರು, ಹಾಡಿದವರು ಯಾವ ಊರಿನವರೆಂದು ಮನೆಯ ಹಿರಿಯರನ್ನು ಇಂದೇ ಕೇಳಿ ಗುರುತು ಹಾಕಿಕೊಳ್ಳಬೇಕು. ತಟ್ಟೆ ಇನ್ನೂ ನೂರು ವರ್ಷ ಉಳಿದೀತು, ಹೇಳುವವರು ಉಳಿಯುವುದಿಲ್ಲ.

ಡೆಟ್ರಾಯಿಟ್ ನಗರದ ಗಾಯಕನಿಗೂ ಕಲ್ಯಾಣದ ಕಾಯಕಜೀವಿಗೂ ಕಾಲ, ದೇಶ, ಧರ್ಮಗಳ ಅಂತರ ಬಹಳ. ಆದರೂ ದುಡಿದವನ ಹೆಸರನ್ನು ದುಡಿಮೆಯಿಂದ ಬೇರ್ಪಡಿಸಬಾರದೆಂಬ ನೀತಿ ಇಬ್ಬರಿಗೂ ಒಂದೇ. ನಮ್ಮ ಶರಣರು ಅಂಬಿಗ, ಮಾದಾರ, ಮಡಿವಾಳರೆಂಬ ಕಾಯಕದ ಹೆಸರುಗಳೊಡನೆಯೇ ಇಂದಿಗೂ ನೆನಪಿನಲ್ಲಿದ್ದಾರೆ. ಆ ನೆನಪನ್ನು ಉಳಿಸಿದವರು ಗರಿಗಳನ್ನು ಕಟ್ಟಿಟ್ಟವರು ಮಾತ್ರವಲ್ಲ, ಕಟ್ಟನ್ನು ಬಿಚ್ಚಿ ಇದು ಯಾರದೆಂದು ಕೇಳಿದವರು.